ಚನ್ನವ್ವನ ಉಸಿರು

ಚನ್ನವ್ವ ಹಾಡುವಾಗ ಉಸಿರು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಂಬತ್ತರ ದಶಕದಲ್ಲಿ ರಾಯಬಾಗದಿಂದ ಅಥಣಿಯವರೆಗೆ ಯಾವ ಊರಿನ ಕಟ್ಟೆಯ ಮೇಲೆ ಕೇಳಿದರೂ ಇದನ್ನೇ ಹೇಳುತ್ತಿದ್ದರು. ಗೀಗೀ ಪದದ ಮೇಳಗಳು ಆಗ ಹತ್ತಾರಿದ್ದವು. ಬಡಿಯುವ ದಪ್ಪು ಎಲ್ಲರ ಹತ್ತಿರವೂ ಇತ್ತು, ಮೀಟುವ ತುಂತುಣಿ ಎಲ್ಲರ ಹತ್ತಿರವೂ ಇತ್ತು. ಆದರೆ ಪದದ ಕೊನೆಯ ಸಾಲನ್ನು ಮೇಲಕ್ಕೆ ಒಯ್ದು, ಅಲ್ಲೇ ನಿಲ್ಲಿಸಿ, ಕೇಳುವವರೇ ಉಸಿರುಗಟ್ಟಿ ಒದ್ದಾಡುವ ತನಕ ಹಿಡಿಯುತ್ತಿದ್ದವಳು ಚನ್ನವ್ವ ಒಬ್ಬಳೇ.

ಅದು ಹೇಗೆ ಎಂದು ಹೇಳುವ ಪಂಡಿತರಿಗೂ ಕೊರತೆ ಇರಲಿಲ್ಲ. ಯಡೂರಿನ ವೀರಭದ್ರನ ವರ ಎಂದರು ಕೆಲವರು. ಕೃಷ್ಣೆಯಲ್ಲಿ ಕೊರಳುಮಟ್ಟ ನಿಂತು ಹಾಡಿ ಹಾಡಿ ಎದೆ ಗಟ್ಟಿ ಮಾಡಿಕೊಂಡಿದ್ದಾಳೆ ಎಂದರು ಇನ್ನು ಕೆಲವರು. ಚಿಕ್ಕೋಡಿಯ ಸಂಗೀತ ಮಾಸ್ತರರೊಬ್ಬರು, ಇದು ನಾಭಿಯಿಂದ ಹೊರಡುವ ಸ್ವರ, ಕೂದಲೆಳೆಯಷ್ಟೂ ದೋಷವಿಲ್ಲ, ಎಂದು ಅಪ್ಪಣೆ ಕೊಡಿಸಿದರು. ಬಾಯಿದ್ದವರೆಲ್ಲ ಮಾತಾಡಿದರು. ಚನ್ನವ್ವನ ಬೆನ್ನ ಹಿಂದೆ ನಿಂತವಳ ಕಡೆಗೆ ಮಾತ್ರ ಒಬ್ಬರೂ ನೋಡಲಿಲ್ಲ.

ಅವಳು ದಿಲಶಾದಬಿ. ಮುಂದಿನವಳು ಹಾಡಿದ ಮೇಲೆ "ಗೀಯ ಗೀಯ" ಎಂದು ದನಿಗೂಡಿಸುವ ಹಿಮ್ಮೇಳದವಳು. ಇಬ್ಬರೂ ರಾಯಬಾಗದ ಹತ್ತಿರದ ಒಂದೇ ಓಣಿಯವರು, ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುತ್ತಾ ಒಟ್ಟಿಗೆ ಪದ ಕಲಿತವರು. ಚನ್ನವ್ವನ ದನಿ ನಿಜವಾಗಿಯೂ ಸಿಹಿ, ಅದರಲ್ಲಿ ಸುಳ್ಳಿಲ್ಲ. ಆದರೆ ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದು ಹೋದ ಎದೆ, ಉಸಿರು ಮೋಟು. ಮೇಲಿನ ಸ್ವರಕ್ಕೆ ಏರಿದರೆ ಅರ್ಧಕ್ಕೇ ತೇಕು ಬರುತ್ತಿತ್ತು. ಆಗ ದಿಲಶಾದಬಿ ಅದೇ ಸ್ವರದಲ್ಲಿ, ಅದೇ ದನಿಯಲ್ಲಿ, ಒಳಗೆ ಸೇರಿಕೊಳ್ಳುತ್ತಿದ್ದಳು. ಅದಕ್ಕಾಗಿ ಅವಳು ಎರಡು ಬೆರಳನ್ನು ಚನ್ನವ್ವನ ಪಕ್ಕೆಲುಬಿನ ಮೇಲೆ ಇಟ್ಟುಕೊಂಡೇ ನಿಲ್ಲುತ್ತಿದ್ದಳು. ಪಕ್ಕೆ ಕುಸಿಯುತ್ತಿದೆ ಎಂದು ಬೆರಳಿಗೆ ತಿಳಿದರೆ ಸಾಕು, ಇವಳ ದನಿ ಎದ್ದು ಬರುತ್ತಿತ್ತು. ಚನ್ನವ್ವ ಸೆರಗು ಬಾಯಿಗೆ ಹಿಡಿದು ಉಸಿರೆಳೆದುಕೊಂಡು ಮತ್ತೆ ಸೇರುತ್ತಿದ್ದಳು. ಮುಂದೆ ನಿಂತು ದಪ್ಪು ಬಡಿಯುವ ಲಗಮಣ್ಣನಿಗೂ, ಅವನು ಚನ್ನವ್ವನ ಸ್ವಂತ ಅಣ್ಣ, ಇದು ಗೊತ್ತಾಗಿರಲಿಲ್ಲ.

ಮೊದಲು ಇದು ಹುಡುಗಾಟವಾಗಿತ್ತು. ಹೊಗಳಿಕೆ ಬರತೊಡಗಿದ ಮೇಲೆ ಗುಟ್ಟಾಯಿತು. ಒಮ್ಮೆ ಚನ್ನವ್ವನೇ, "ಮಂದಿಗೆ ಹೇಳಿಬಿಡೂಣೇನ ಬೇ?" ಎಂದು ಕೇಳಿದ್ದಳಂತೆ. "ಇರಲಿ ಬಿಡಬೇ ಚನ್ನಿ, ಯಾರ ಹಿಡದ್ರೇನ, ಪದ ಮುಟ್ಟಿತಲ್ಲ," ಎಂದಳಂತೆ ದಿಲಶಾದಬಿ. ಒಳ್ಳೆಯವರು ಹೀಗೆಯೇ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಾರೆ.

ಒಂದು ಬೇಸಿಗೆ, ಅಥಣಿ ಕಡೆಯ ಊರೊಂದರಲ್ಲಿ ಎದುರು ಮೇಳದೊಂದಿಗೆ ಸವಾಲಿನ ಪದಗಳು ಗೊತ್ತಾಗಿದ್ದವು. ಆ ಮುಂಜಾನೆ ಚನ್ನವ್ವ ಎದ್ದು ಬಾಯಿ ತೆರೆದರೆ ದನಿಯೇ ಇಲ್ಲ. ಗಾಳಿ ಮಾತ್ರ ಬಂತು. ನೆಗಡಿಯಲ್ಲೇ ನಾಲ್ಕೈದು ಮದುವೆಗಳಿಗೆ ಸತತವಾಗಿ ಹಾಡಿದ್ದಳು, ಗಂಟಲು ಕೂತಿತ್ತು. ಇದು ತಿಳಿಯಲು ಡಾಕ್ಟರರೇ ಬೇಕಾಗಿರಲಿಲ್ಲ. ಆದರೆ ಹಾಡುವವರ ದನಿ ಹೋದರೆ ನಮ್ಮ ಜನ ಗಂಟಲು ನೋಡುವುದಿಲ್ಲ, ಎಲೆ ಮಡಿಚಿ ಕೊಟ್ಟವರು ಯಾರು ಎಂದು ನೋಡುತ್ತಾರೆ. ಹನುಮಪ್ಪನಿಗೆ ಬಳಿಯುವ ಶೇಂದೂರವನ್ನು ಎಲೆಯಡಿಕೆಯಲ್ಲಿ ಸೇರಿಸಿ ತಿನ್ನಿಸಿದರೆ ಹಾಡುಗಾರರ ಕಂಠ ಸತ್ತುಹೋಗುತ್ತದೆ ಎಂಬ ನಂಬಿಕೆ ಅಜ್ಜ ಮುತ್ತಜ್ಜರ ಕಾಲದ್ದು.

ಚನ್ನವ್ವನಿಗೆ ಎಲೆ ಮಡಿಚಿ ಕೊಡುತ್ತಿದ್ದವಳು ದಿಲಶಾದಬಿ. ಸಾಲದ್ದಕ್ಕೆ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಎದುರು ಮೇಳದ ತುಂತುಣಿಯವನ ಜೊತೆ ಮಾತಾಡಿದ್ದಳು. ಅವನು ಅವಳ ಮೈದುನನ ಬೀಗ, ಕ್ಷೇಮ ಕೇಳಿದ್ದ, ಅಷ್ಟೇ. ಲಗಮಣ್ಣ ಅವಳ ಎಲೆಚೀಲವನ್ನು ನೆಲಕ್ಕೆ ಸುರಿದು ಹುಡುಕಿದ. ಕೆಂಪು ಪುಡಿ ಏನೂ ಸಿಗಲಿಲ್ಲ.

"ಇದ್ದದ್ದೆಲ್ಲಾ ತಿನಿಸ್ಯಾಳ, ಇನ್ನ ಚೀಲದಾಗ ಎಲ್ಲಿಂದ ಬರ್ತೈತಿ?" ಎಂದ. ಸಿಕ್ಕಿದ್ದರೂ ಸಾಕ್ಷಿ, ಸಿಗದಿದ್ದರೂ ಸಾಕ್ಷಿ.

ದಿಲಶಾದಬಿ ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಮೂಲೆಯಲ್ಲಿ ಕೂತ ಚನ್ನವ್ವನ ಕಡೆ ತಿರುಗಿದಳು. "ಚನ್ನಿ, ಮಾತ ಆಡಬ್ಯಾಡ. ಹಿಂಗ ತಲಿ ಅಲ್ಲಾಡಸ ಸಾಕ. ನಾ ಹಂತಾಕಿ ಅಲ್ಲ ಅಂತ."

ಚನ್ನವ್ವ ತಲೆ ತಗ್ಗಿಸಿ ಕೂತೇ ಇದ್ದಳು. ಇನ್ನೆಂದೂ ಹಾಡಲಾರೆ ಎಂಬ ಹೆದರಿಕೆ ಅವಳ ಬುದ್ಧಿಯನ್ನು ತಿಂದಿತ್ತು, ಆ ಗಳಿಗೆಯಲ್ಲಿ ಅವಳೂ ಅಣ್ಣನ ಮಾತನ್ನು ನಂಬಿದ್ದಳು. ದಿಲಶಾದಬಿ ಚೆಲ್ಲಿದ ಎಲೆಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡು ಒಬ್ಬಳೇ ಬಸ್ಸಿಗೆ ಹೋದಳು.

ಮಾರನೆಯ ದಿನ ಚಿಕ್ಕೋಡಿಯ ಡಾಕ್ಟರರು, "ಗಂಟಲ ಬಾತೈತಿ. ಮೂರ ವಾರ ಬಾಯಿ ಮುಚ್ಚಿಕೊಂಡಿರವ್ವಾ, ಆರಾಮ ಆಕ್ಕೈತಿ," ಎಂದರು. ಅವರು ಹೇಳಿದಂತೆಯೇ ಆಯಿತು. ದನಿ ಬಂದ ದಿನವೇ ಚನ್ನವ್ವನಿಗೆ ನಿಜ ತಿಳಿಯಿತು. ಹೇಳಬೇಕು ಅಂದುಕೊಂಡಳು. ಚಿಕ್ಕೋಡಿಯ ಕ್ಯಾಸೆಟ್ ಅಂಗಡಿಯ ಬಾಬಾಸಾಹೇಬ ತನ್ನ ಪದಗಳನ್ನು ರೆಕಾರ್ಡ್ ಮಾಡಿಕೊಳ್ಳುವ ಕೆಲಸವೊಂದು ಮುಗಿಯಲಿ, ಆಮೇಲೆ ಅಣ್ಣನನ್ನು ಕೂರಿಸಿಕೊಂಡು ಹೇಳೋಣ ಅಂದುಕೊಂಡಳು.

ಬಾಬಾಸಾಹೇಬನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊರಗಿನ ಸದ್ದು ಬಾರದಂತೆ ಗೋಡೆಗೆ ಗಾದಿ ಹೊಡೆದಿದ್ದರು. ಹಿಮ್ಮೇಳಕ್ಕೆ ಹೊಸ ಹುಡುಗಿಯರಿದ್ದರು. ಚನ್ನವ್ವ ಕೊನೆಯ ಸಾಲು ಎತ್ತಿದಳು, ಮೇಲೆ ಹೋದಳು, ತುಂಡಾಯಿತು. ಮತ್ತೆ ಹಾಡಿದಳು, ಮತ್ತೆ ಅಲ್ಲೇ ತುಂಡಾಯಿತು. ಮೈಕು ಅವಳ ತೇಕನ್ನೂ ಬಿಡದೆ ಹಿಡಿಯಿತು.

"ಮೊದಲ ಹಿಂಗ ಇರಲಿಲ್ಲಲ್ರಿ?" ಎಂದ ಬಾಬಾಸಾಹೇಬ.

ಲಗಮಣ್ಣನ ಕಣ್ಣಲ್ಲಿ ನೀರು ಬಂತು. "ಶೇಂದೂರ ಒಳಗ ಕುಂತೈತ್ರಿ. ಆ ದಗಲ್ಬಾಜಿ ನನ್ನ ತಂಗೀನ ಅರ್ಧಾ ಕೊಂದ್ ಹೋದ್ಳ್ರಿ."

ಬಾಬಾಸಾಹೇಬ ವ್ಯಾಪಾರಿ. ತೇಕನ್ನು ಅಳಿಸಲಿಲ್ಲ, ಹಾಗೇ ಬಿಟ್ಟ. ಶೇಂದೂರ ತಿಂದು ಸಾಯಬೇಕಾದವಳು ಬದುಕಿ ಬಂದು ಹಾಡಿದ ಪದಗಳು ಎಂದು ಅಂಗಡಿಯ ಮುಂದೆ ಬೋರ್ಡು ಬರೆಸಿದ. ಕ್ಯಾಸೆಟ್ಟು ನಿಪ್ಪಾಣಿಯ ತಂಬಾಕಿನ ವಖಾರಿಗಳಿಂದ ಹಿಡಿದು ಗಡಿಯಾಚೆಯ ಊರುಗಳವರೆಗೆ ಬಿಸಿ ದೋಸೆಯಂತೆ ಹೋಯಿತು. ಮೊದಲು ಉಸಿರೇ ತೆಗೆದುಕೊಳ್ಳುವುದಿಲ್ಲ ಎಂದು ಹೊಗಳಿದ್ದ ಜನವೇ ಈಗ ಉಸಿರು ತುಂಡಾಗುವ ಜಾಗಕ್ಕೆ ಕಾದು ಕೂತು ಕಣ್ಣೊರೆಸಿಕೊಂಡರು. ಆ ತೇಕಿನಲ್ಲೇ ಚನ್ನವ್ವನ ಚೆಂದ ಇರುವುದು ಎಂದರು. ಸಂಗೀತ ಮಾಸ್ತರರು ಅದಕ್ಕೂ ಒಂದು ಶಾಸ್ತ್ರ ಹುಡುಕಿ ಕೊಟ್ಟರು. ದಿಲಶಾದಬಿ ಪಾಪಿಯಾಗಿದ್ದಷ್ಟು ದಿನ ಚನ್ನವ್ವನ ದನಿ ಅಮೃತ. ಹೀಗಿರುವಾಗ ನಿಜ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು.

ಇತ್ತ ದಿಲಶಾದಬಿಯನ್ನು ಯಾವ ಮೇಳವೂ ಕರೆಯಲಿಲ್ಲ. ಅವಳು ಕೊಟ್ಟ ನೀರನ್ನೂ ಓಣಿಯ ಹೆಂಗಸರು ಕುಡಿಯಲಿಲ್ಲ. ಇಷ್ಟು ವರ್ಷ ಅವಳ ಜಾತಿ ನೆನಪಿಲ್ಲದವರಿಗೆ ಈಗ ಅದೂ ನೆನಪಾಯಿತು. ಅವಳಿಗಿದ್ದದ್ದು ಒಬ್ಬಳೇ ಮಗಳು, ನೂರಜಾನಬಿ. ನಿಪ್ಪಾಣಿಯಲ್ಲಿ ಗೊತ್ತಾಗಿದ್ದ ಅವಳ ಸಂಬಂಧ ಮುರಿದುಬಿತ್ತು. ಅನ್ನ ಹಾಕಿದವರಿಗೇ ವಿಷ ಹಾಕುವವಳ ಮಗಳು ನಮ್ಮ ಮನೆಯ ಒಲೆಯ ಮುಂದೆ ಬೇಡ ಎಂದು ಗಂಡಿನ ತಾಯಿ ಹೇಳಿ ಕಳಿಸಿದಳು.

ಆಗ ದಿಲಶಾದಬಿ ಚನ್ನವ್ವನ ಮನೆಗೆ ಬಂದಳು. ಲಗಮಣ್ಣ ಊರಲ್ಲಿರಲಿಲ್ಲ. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತು ಹೇಳಿದಳು: "ನನ್ನ ಮ್ಯಾಳಕ್ಕ ಕರಿಯಬ್ಯಾಡ ಚನ್ನಿ. ನಾ ನಿನ್ನ ಹಿಂದ ನಿಂತ ಸೂರ ಹಿಡಿದದ್ದೂ ಹೇಳಬ್ಯಾಡ. ಶೇಂದೂರ ಹಾಕಿಲ್ಲ ಅಂತ ನಾಕ ಮಂದ್ಯಾಗ ಒಂದ ಮಾತ ಹೇಳ. ಪೋರಿ ಮದವಿ ನಿಂತೈತಿ."

ಚನ್ನವ್ವ ಅತ್ತಳು. ಅವಳ ಕೈ ಹಿಡಿದು ವೀರಭದ್ರನಾಣೆ ಮಾಡಿದಳು. "ಮಂಗಳವಾರ ಕಾಗವಾಡದ ಆಚಿ ಹಳ್ಳ್ಯಾಗ ಪದಾ ಅದಾವು. ಮೈಕಿನ್ಯಾಗ ಹೇಳ್ತೇನಿ. ನೀನೂ ಬಾ ಬೇ, ನಿನ್ನ ಮುಂದ ಹೇಳ್ತೇನಿ." ಆ ಗಳಿಗೆಯಲ್ಲಿ ಅವಳು ಸುಳ್ಳು ಹೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಆ ಹಳ್ಳಿಯ ಹೆಬ್ಬಾಗಿಲು, ಅಗಸಿಯ ಮುಂದಿನ ಬಯಲು ತುಂಬಿತ್ತು. ದಿಲಶಾದಬಿ ಮುಖದ ತುಂಬ ಸೆರಗು ಹೊದ್ದುಕೊಂಡು ಹೆಂಗಸರ ನಡುವೆ ಕೂತಿದ್ದಳು. ಲಗಮಣ್ಣ ಈಚೆಗೆ ರೂಢಿ ಮಾಡಿಕೊಂಡಿದ್ದಂತೆ ಮೊದಲಿಗೆ ಶೇಂದೂರದ ಕಥೆ ಹೇಳಿದ. ಜನ ಲೊಚಗುಟ್ಟಿದರು. ಚನ್ನವ್ವ ಮೈಕಿನ ಮುಂದೆ ಬಂದಳು.

"ಒಂದ ಮಾತ ಹೇಳೂದೈತ್ರಿ. ದಿಲಶಾದಬಿ..."

ಮುಂದಿನ ಮಾತು ಬರುವಷ್ಟರಲ್ಲಿ ಬಯಲೇ ಎದ್ದು ನಿಂತಿತು. "ಆಕಿ ಹೆಸರ ತಗೀಬ್ಯಾಡವ್ವಾ, ನಿನ್ನ ಬಾಯಿ ಹೊಲಸಾಕ್ಕೈತಿ!" ಎಂದು ಕೂಗಿದರು. ಮುಂದೆ ಕೂತ ಮುದುಕಿಯೊಬ್ಬಳು ಚನ್ನವ್ವನಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಅಷ್ಟೊಂದು ಮಂದಿಯ ಪ್ರೀತಿ ಒಮ್ಮೆಲೇ ಮೈಮೇಲೆ ಬಿದ್ದರೆ ಮನುಷ್ಯರು ಸೋಲುತ್ತಾರೆ. "ಪದಾ ಆದಮ್ಯಾಲೆ ಹೇಳ್ತೇನಿ," ಎಂದು ಚನ್ನವ್ವ ಹಾಡು ಎತ್ತಿಕೊಂಡಳು.

ಕೊನೆಯ ಸಾಲು ಬಂತು. ದನಿ ಮೇಲೆ ಏರಿತು, ಅಲ್ಲಾಡಿತು, ಇನ್ನೇನು ತುಂಡಾಗಬೇಕು. ತುಂಡಾಗಲಿಲ್ಲ. ಹೆಂಗಸರ ನಡುವಿನಿಂದ ಅದೇ ಸ್ವರ ಎದ್ದು ಅದನ್ನು ಹಿಡಿದುಕೊಂಡಿತು. ದಿಲಶಾದಬಿ ತೋರಿಸಿಕೊಳ್ಳಬೇಕೆಂದು ಹಾಡಿದ್ದಲ್ಲ. ಕೂಸು ಅತ್ತರೆ ತಾಯಿಯ ಕೈ ತೊಟ್ಟಿಲಿಗೆ ತಾನೇ ಹೋಗುವ ಹಾಗೆ, ವರ್ಷಗಟ್ಟಲೆಯ ರೂಢಿಯಿಂದ ಬಾಯಿ ತೆರೆದುಬಿಟ್ಟಿದ್ದಳು. ಎಲ್ಲೂ ಮುಕ್ಕಾಗದ ಹಳೆಯ ದನಿ ಬಯಲಿನ ತುಂಬ ನಿಂತಿತು. ಮಂದಿ ಮರೆತೇ ಹೋಗಿದ್ದ ದನಿ ಅದು.

ಮೊದಲು ಗುರುತು ಹಿಡಿದವನು ತಲೆಗೆ ಪಟಗ ಸುತ್ತಿದ ಮುದುಕನೊಬ್ಬ. "ಇದು ಚನ್ನವ್ವನ ಮೊದಲಿನ ಧ್ವನಿ!" ಎಂದು ಎದ್ದು ನಿಂತ. ಎಲ್ಲರೂ ದನಿ ಬಂದ ಕಡೆ ತಿರುಗಿದರು. ಯಾರೋ ಸೆರಗು ಎಳೆದರು. ಆ ಗಳಿಗೆಯಲ್ಲಿ ನಿಜ ಅವರ ಕಿವಿಯೊಳಗೇ ಇತ್ತು. ಒಬ್ಬನಾದರೂ ನೆಟ್ಟಗೆ ಯೋಚಿಸಿದ್ದರೆ ತಿಳಿಯುತ್ತಿತ್ತು. ಅಷ್ಟರಲ್ಲಿ ಲಗಮಣ್ಣ ಕಟ್ಟೆಯ ಮೇಲಿಂದ ಚೀರಿದ: "ಕದ್ದಾಳ! ಶೇಂದೂರ ಹಾಕಿ ನನ್ನ ತಂಗಿ ಧ್ವನಿ ಕದ್ದಾಳ!"

ಅಷ್ಟು ಸಾಕಾಯಿತು. ಕೂದಲು ಹಿಡಿದು ನಡುಬಯಲಿಗೆ ಎಳೆದರು. "ಉಗುಳಬೇ! ಆಕಿ ಧ್ವನಿ ಉಗುಳ!" ಎಂದು ಬೆನ್ನಿಗೆ ಗುದ್ದಿದರು. ಉಗುಳಲು ಅವಳ ಬಾಯಲ್ಲಿ ರಕ್ತವಷ್ಟೇ ಇತ್ತು. ಯಾರೋ ಹಿಡಿ ಮಣ್ಣು ತಂದು ಬಾಯಿಗೆ ತುರುಕಿದರು. ಇದನ್ನು ಮಾಡಿದವರು ಯಾರೂ ಕಳ್ಳರು ಕೊಲೆಗಾರರಲ್ಲ. ಬೆಳಗ್ಗೆ ದನಕ್ಕೆ ಮೇವು ಹಾಕಿ, ಮಕ್ಕಳಿಗೆ ರೊಟ್ಟಿ ಕೊಟ್ಟು ಬಂದಿದ್ದ ನಮ್ಮಂಥವರೇ.

ಚನ್ನವ್ವ ಕಟ್ಟೆಯಿಂದ ಇಳಿದು ಓಡಿ ಬಂದಳು. ಜನ ದಾರಿ ಬಿಟ್ಟರು. ದಿಲಶಾದಬಿ ಮಣ್ಣು ತುಂಬಿದ ಬಾಯಲ್ಲೇ ತಲೆ ಎತ್ತಿ ಅವಳನ್ನೇ ನೋಡಿದಳು. ಈಗಲಾದರೂ ಹೇಳುತ್ತಾಳೆ ಎಂಬ ನಂಬಿಕೆ ಆ ಕಣ್ಣಲ್ಲಿ ಇನ್ನೂ ಇತ್ತು. ಚನ್ನವ್ವ ಸುತ್ತ ನಿಂತ ಮುಖಗಳನ್ನು ನೋಡಿದಳು, ಅಣ್ಣನನ್ನು ನೋಡಿದಳು, ಬಾಯಿ ತೆರೆದಳು.

"ಸಾಕ ಬಿಡ್ರಿ," ಎಂದಳು. "ನಾ ಆಕೀಗಿ ಕ್ಷಮಾ ಮಾಡೇನಿ."

ಬಯಲಿನ ತುಂಬ ಚಪ್ಪಾಳೆ ಬಿತ್ತು. ಹೆಂಗಸರು ಚನ್ನವ್ವನ ಕಾಲು ಮುಟ್ಟಲು ಬಂದರು, ಎಂಥ ದೊಡ್ಡ ಮನಸ್ಸು ಎಂದರು. ದಿಲಶಾದಬಿ ಬೆರಳಿನಿಂದ ಬಾಯೊಳಗಿನ ಮಣ್ಣು ತೆಗೆದುಕೊಂಡಳು.

"ಯಾವ ತಪ್ಪಿಗೆ ಚನ್ನಿ?" ಎಂದು ಕೇಳಿದಳು.

ಚಪ್ಪಾಳೆಯ ಸದ್ದಿನಲ್ಲಿ ಅದು ಚನ್ನವ್ವನೊಬ್ಬಳಿಗೇ ಕೇಳಿಸಿತು. ಅವಳು ಕಣ್ಣೊರೆಸಿಕೊಂಡು ಮತ್ತೆ ಕಟ್ಟೆ ಹತ್ತಿದಳು. ಜನ ಕೂತುಕೊಂಡರು, ಲಗಮಣ್ಣ ದಪ್ಪು ಎತ್ತಿಕೊಂಡ, ಅವಳು ಮುಂದಿನ ಪದ ಶುರು ಮಾಡಿದಳು.