ಶೆಡ್ಡಿನೊಳಗಿನ ಆಕಾಶ

ಹಳೆಯ ಹವಾಮಾನ ಉಪಗ್ರಹಕ್ಕೆ ನಿವೃತ್ತಿ ಕೊಟ್ಟ ದಿನ ಅಮೆರಿಕದ ನೆಬ್ರಾಸ್ಕಾದ ವಾಯುನೆಲೆಯೊಂದರಲ್ಲಿ ಕೇಕು ಕತ್ತರಿಸಿದರು. ಸೇನೆಯ ಪದ್ಧತಿಯಂತೆ ಎಲ್ಲರಿಗಿಂತ ಹಿರಿಯನೂ ಎಲ್ಲರಿಗಿಂತ ಕಿರಿಯನೂ ಒಂದೇ ಖಡ್ಗ ಹಿಡಿದಿದ್ದರು. ಅದೇ ಕೇಕಿನಲ್ಲಿ ಹೊಸ ಉಪಗ್ರಹದ ಸೇವಾರಂಭವೂ ಮುಗಿಯಿತು. ಸಣ್ಣದೊಂದು ತೊಡಕಿತ್ತು: ರಾಕೆಟ್ಟು ಸಿಗದೆ ಹೊಸದು ಇನ್ನೂ ನೆಲೆಯ ಹಿಂಬದಿಯ ಶೆಡ್ಡಿನಲ್ಲೇ ಕೂತಿತ್ತು. ಅಷ್ಟಕ್ಕೆಲ್ಲ ಸಮಾರಂಭ ಮುಂದೂಡುವುದುಂಟೇ? ಮುಖ್ಯ ಅತಿಥಿ ಜನರಲ್ ಸಾಹೇಬರು ಊರಿಂದ ಆಗಲೇ ಹೊರಟಾಗಿತ್ತು.

ಹೀಗಾಗಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿದ್ದದ್ದು ಕಾಗದದಲ್ಲಿ ಸತ್ತಿತ್ತು. ಶೆಡ್ಡಿನಲ್ಲಿದ್ದದ್ದು ಕಾಗದದಲ್ಲಿ ಸುತ್ತುತ್ತಿತ್ತು. ಅದರ ಉಪಕರಣಗಳೇನೋ ಪ್ರಾಮಾಣಿಕ, ಕಂಡದ್ದನ್ನು ಕಂಡಂತೆ ಹೇಳುತ್ತಿದ್ದವು: ಗಾಳಿಯಿಲ್ಲ, ಮೋಡವಿಲ್ಲ, ಹಿತವಾಗಿ ಬೆಚ್ಚಗಿದೆ. ಕಂಪ್ಯೂಟರು ಗಡಿಯಾರ ನೋಡಿಕೊಂಡು, ಉಪಗ್ರಹ ಈ ಹೊತ್ತಿಗೆ ಎಲ್ಲಿರಬೇಕಿತ್ತೆಂದು ಲೆಕ್ಕ ಹಾಕಿ, ಅದನ್ನೇ ಈಗ ಗ್ರೀನ್‌ಲ್ಯಾಂಡಿಗೆ, ಈಗ ಪೆರುವಿಗೆ ಎಂದು ಹಂಚುತ್ತಿತ್ತು.

ಮುನ್ಸೂಚನೆ ಬರೆಯುವ ಸಾರ್ಜೆಂಟ್ ಲೊರೆಟ್ಟಾ ವಾವ್ರಾ ಮಾತ್ರ ಹಳೆಯದರ ಚಿತ್ರಗಳನ್ನು ಕದ್ದು ನೋಡುತ್ತಿದ್ದಳು. ಒಂದು ಗುರುವಾರ ಅದರ ಮೈಕ್ರೋವೇವ್ ಕಣ್ಣು ಮೋಡದ ಒಡಲೊಳಗೆ ಇಣುಕಿ, ಅಲಾಸ್ಕಾದ ಪಕ್ಕದ ಬೇರಿಂಗ್ ಸಮುದ್ರದಲ್ಲಿ ಬಿರುಗಾಳಿಯೊಂದನ್ನು ತೋರಿಸಿತು. ಅವಳ ತಮ್ಮ ಎಮಿಲ್ ಇದ್ದ ಸೇನೆಯ ಸರಕುಹಡಗು ನೇರ ಅದರ ಬಾಯಿಗೇ ಹೊರಟಿತ್ತು. ಲೊರೆಟ್ಟಾ ನೆಲೆಯ ಮುಖ್ಯಸ್ಥನ ಕೋಣೆಗೆ ಓಡಿದಳು.

“ಸಾರ್, ಹಡಗು ವಾಪಸ್ ಕರೆಸಿ. ನನ್ ತಮ್ಮ ಅದ್ರಲ್ಲಿದಾನೆ. ಬಿರುಗಾಳಿ ಇದೆ.”

ಕರ್ನಲ್ ಹಾಲ್‌ಸ್ಟೆಡ್ ಕಾಫಿ ಕೆಳಗಿಟ್ಟ. “ಯಾರಮ್ಮ ಹೇಳಿದ್ದು?”

“ಹಳೇ ಉಪಗ್ರಹ.”

“ಸತ್ತೋರ ಮಾತು ಕೇಳ್ಕೊಂಡು ಹಡಗು ತಿರುಗ್ಸಕ್ಕಾಗತ್ತಾ? ಅದರ ಕೇಕು ನೀನೂ ತಿಂದಿದೀಯ. ಎರಡೆರಡು ತುಂಡು.”

“ಹೊಸದು ಶೆಡ್ಡಲ್ಲಿದೆ ಸಾರ್!”

“ಇರ್ಲಿ ಬಿಡು. ಅದು ಮಳೆ ಅಂದ್ರೆ ಆ ಕ್ಷಣ ತಿರುಗಿಸ್ತೀನಿ. ನಂದೇನು ಕಲ್ಲೆದೆನಾ?”

ಬೇಡಿಕೊಂಡರೆ ಕರಗುವ ಆಸಾಮಿಯಲ್ಲ ಅವನು. ಲೊರೆಟ್ಟಾ ಬೆಂಕಿ ಆರಿಸುವ ಪೈಪು ಎಳೆದುಕೊಂಡು ಶೆಡ್ಡಿಗೆ ನಡೆದಳು. ಲೆಕ್ಕದ ಪ್ರಕಾರ ಹೊಸದು ಬೇರಿಂಗ್ ಸಮುದ್ರ ಹಾಯುವ ಹೊತ್ತಿಗೆ ಸರಿಯಾಗಿ, ದೊಡ್ಡ ಫ್ಯಾನು ಹಚ್ಚಿ, ಅದರ ಮುಖಕ್ಕೇ ನೀರು ಬಿಟ್ಟಳು. “ಹೇಳು, ಮಳೆ ಅಂತ ಹೇಳೇ ಮುಂಡೇದೇ!” ಎಂದು ಅಳುತ್ತಲೇ ಬೈದಳು. ಹೇಳಿತು. ಕರ್ನಲ್ ಮಾತಿಗೆ ತಪ್ಪಲಿಲ್ಲ. ಹಡಗು ಬಂದರಿಗೆ ಮರಳಿತು.

ಎಮಿಲ್ ಉಳಿದ. ಹೊಸ ಉಪಗ್ರಹಕ್ಕೆ ಪದಕ ಬಂತು. ಪದಕದ ಹಿಂದೆಯೇ ಆದೇಶವೂ ಬಂತು: ಹೊಸದು ಇಷ್ಟು ಚೊಕ್ಕವಾಗಿ ಕೆಲಸ ಮಾಡುತ್ತಿರುವುದರಿಂದ ಹಳೆಯದನ್ನು ಪೂರ್ತಿ ಸ್ಥಗಿತಗೊಳಿಸತಕ್ಕದ್ದು. ಗುಂಡಿ ಒತ್ತುವ ಗೌರವ ಲೊರೆಟ್ಟಾಳಿಗೇ ಸಿಕ್ಕಿತು. ಕರ್ನಲ್ ಪಕ್ಕದಲ್ಲೇ ನಿಂತು ಸಲ್ಯೂಟ್ ಹೊಡೆದ. ಪರದೆಯ ಮೇಲೆ ಇಳಿಯುತ್ತಿದ್ದ ಚಿತ್ರ ಅಲಾಸ್ಕಾದ ಅರ್ಧಕ್ಕೇ ನಿಂತಿತು.

ಮರುವಾರ ಎಮಿಲ್ ಬಂದರಿನಿಂದ ಫೋನು ಮಾಡಿದ.

“ಅಕ್ಕಾ, ನಾಳೆ ಹೊರಡ್ತಿದೀವಿ. ನಿಮ್ ಹೊಸ ಉಪಗ್ರಹ ದೇವ್ರು ಕಣೇ! ಹಡಗಲ್ಲಿ ಎಲ್ರೂ ಅದ್ರ ಮೇಲೇ ಆಣೆ ಇಡ್ತಾರೆ. ಏನಂತೆ ಹವಾ?”

“ಹೋಗ್ಬೇಡ ಕಣೋ.”

“ಯಾಕೆ, ಬಿರುಗಾಳಿನಾ?”

“ಗೊತ್ತಿಲ್ಲ.”

ಎಮಿಲ್ ನಕ್ಕುಬಿಟ್ಟ. “ನಿಂಗೆ ಗೊತ್ತಿಲ್ದಿದ್ರೇನಂತೆ, ಅದಕ್ಕೆ ಗೊತ್ತಲ್ವಾ” ಎಂದು ಫೋನಿಟ್ಟ.