ಮೇಸ್ತ್ರಿ ಕಲಸಿದ ಪಿಜ್ಜಾ ಹಿಟ್ಟು

ಗಾರೆ ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ ತರಹದ ಕಲಸಾಟ. ಹಾಗಾಗಿ ಅಡುಗೆಮನೆಯ ಕಟ್ಟೆಯ ಮೇಲೆ ಮೈದಾ ಗುಡ್ಡೆ ಹಾಕಿ, ನಡುವೆ ಗುಂಡಿ ತೋಡಿ, ಯೀಸ್ಟ್ ಕರಗಿಸಿದ ಬೆಚ್ಚನೆಯ ನೀರನ್ನು ಅದರೊಳಗೆ ಹೊಯ್ದ. ಅಂಚಿನ ಹಿಟ್ಟನ್ನು ಒಂದೊಂದೇ ಕಡೆಯಿಂದ ನೀರಿಗೆ ತಳ್ಳಿದ.

"ರೀ, ಪಿಜ್ಜಾ ಮಾಡ್ತೀರೋ, ಗೋಡೆ ಕಟ್ತೀರೋ?" ಬಾಗಿಲಿಗೊರಗಿ ಹೆಂಡತಿ ಕೇಳಿದಳು.

"ಎರಡೂ ಒಂದೇ ಕಣೇ. ನೀರು ಜಾಸ್ತಿ ಆಯ್ತೋ, ಎರಡೂ ಕುಸಿದು ಕೂರುತ್ತೆ. ನೀನು ಸುಮ್ನಿರು."

ಅವಳು ನಕ್ಕಳು. ಆ ಮನೆಯಲ್ಲಿ ಯಾರಾದರೂ ನಕ್ಕು ಹನ್ನೊಂದು ದಿನವಾಗಿತ್ತು. ಮಗಳು ನಿದ್ದೆ ಮಾಡಿಯೂ ಅಷ್ಟೇ ದಿನ. ಅಷ್ಟುದ್ದದ ಬಸ್ಸು ಓಡಿಸುವವಳು, ಮನೆಗೆ ಬಂದರೆ ಮಾತ್ರ ಪುಟ್ಟಿ. ಹನ್ನೊಂದು ದಿನದ ಹಿಂದೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಾಗ ಬಸ್ಸನ್ನು ಗೋದಾಮಿನ ಗೋಡೆಗೆ ಉಜ್ಜಿ ಉಜ್ಜಿ ನಿಲ್ಲಿಸಿದ್ದಳು. ಒಳಗಿದ್ದ ಯಾರ ಕೂದಲೂ ಕೊಂಕಿರಲಿಲ್ಲ. ಎಲ್ಲರೂ ಶಹಬ್ಬಾಸ್ ಅಂದರು, ಆದರೆ ರೆಪ್ಪೆ ಕೂಡಿತೆಂದರೆ ಸಾಕು, ಅವಳ ಕಣ್ಣೆದುರು ಅದೇ ಬಸ್ಸು ಇಳಿದು ಬರುತ್ತಿತ್ತು, ಅಲ್ಲಿ ಗೋಡೆಯೇ ಇರುತ್ತಿರಲಿಲ್ಲ. ಚೀರಿಕೊಂಡು ಎದ್ದು ಕೂರುತ್ತಿದ್ದಳು. ಆ ಕನಸು ಮಾತ್ರೆಗೂ ಬಗ್ಗಲಿಲ್ಲ. ಹೀಗೇ ಮುಂದುವರಿದರೆ ಸೋಮವಾರ ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಊಟವೂ ಸೇರುತ್ತಿರಲಿಲ್ಲ. ನಿನ್ನೆ ಯಾಕೋ, "ಪಿಜ್ಜಾ ಆದ್ರೆ ಒಂದು ತುಂಡು ತಿಂತಿದ್ನೇನೋ" ಎಂದಳು. ಅಂದಿದ್ದೇ ತಡ, ಮೇಸ್ತ್ರಿ ಬೇಕರಿಯವನನ್ನು ಹಿಡಿದು ಎಲ್ಲ ಬರೆಸಿಕೊಂಡು ಬಂದ.

ಅಂಗೈಯಿಂದ ಒತ್ತಿ, ಮಡಚಿ, ಮತ್ತೆ ಒತ್ತಿ ನಾದಿದ. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಯಿತು. ಅಗಲವಾದ ಪಾತ್ರೆಗೆ ಹಾಕಿ ಒದ್ದೆ ಬಟ್ಟೆ ಹೊದಿಸಿದ. ಬೆಚ್ಚಗಿಟ್ಟರೆ ಒಂದು ಗಂಟೆಯಲ್ಲಿ ಎರಡು ಪಟ್ಟಾಗುತ್ತದೆ ಎಂದಿದ್ದ ಬೇಕರಿಯವನು. ಹಾಳು ಚಳಿಗೆ ಆ ಹಿಟ್ಟು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಮಗಳ ರಜಾಯಿಯ ಒಳಗೆ ಮಾತ್ರ.

"ಪುಟ್ಟೀ, ಇದನ್ನ ಸ್ವಲ್ಪ ಪಕ್ಕದಲ್ಲಿಟ್ಕೊಳ್ಳೇ. ಚಳಿಯಂತೆ ಇದಕ್ಕೆ."

"ನಾನೇನು ಒಲೆಯೇನಪ್ಪಾ?"

"ಎರಡು ಪಟ್ಟಾದ ತಕ್ಷಣ ಕೂಗು. ನೀನೇ ಕಾಯ್ಬೇಕು."

ಅವಳು ಪಾತ್ರೆಯನ್ನು ಸುತ್ತುವರಿದು ಮುದುಡಿಕೊಂಡಳು. ಬಟ್ಟೆ ಸರಿಸಿ ಹಿಟ್ಟಿನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನೋಡಿದಳು. "ಅಪ್ಪಾ, ಉಸಿರಾಡ್ತಿದೆ ಕಣಪ್ಪಾ," ಎಂದು ಪಿಸುಗುಟ್ಟಿದಳು.

"ನಿದ್ದೆ ಮಾಡ್ತಿದೆ. ಎಬ್ಬಿಸ್ಬೇಡ."

ಮೇಸ್ತ್ರಿ ಟೊಮೇಟೊ, ಬೆಳ್ಳುಳ್ಳಿ ಬೇಯಿಸಿ ಸಾಸ್ ಮಾಡಿದ, ಚೀಸ್ ತುರಿದ. ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿ ನಿಂತೇ ಬಿಟ್ಟಿತ್ತು. ಮಗಳು ಕೂಗಲೇ ಇಲ್ಲ. ಹೋಗಿ ಇಣುಕಿದರೆ, ಪಾತ್ರೆಗೆ ಕೆನ್ನೆ ತಾಗಿಸಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾಳೆ!

ಅವನು ಇಟ್ಟ ಹೆಜ್ಜೆಯಲ್ಲೇ ನಿಂತುಬಿಟ್ಟ. ಬಿಸಿಲಿನಲ್ಲಿ ಹಿಟ್ಟಿನ ಪುಡಿ ತೇಲುತ್ತಿತ್ತು. ಮಂಚವೂ ಗೋಡೆಯೂ ತಾನೂ ಎಲ್ಲ ಹಗುರಾಗಿ, ನೆಲದಿಂದ ಒಂದು ಬೆರಳು ಮೇಲೆದ್ದಂತೆ ಅವನಿಗನಿಸಿತು. ಹಿಟ್ಟು ಉಬ್ಬುತ್ತಿತ್ತು, ಮಗಳ ಬೆನ್ನು ಉಬ್ಬಿ ಇಳಿಯುತ್ತಿತ್ತು, ಯಾವುದು ಯಾವುದರ ಉಸಿರೋ ತಿಳಿಯದು.

ಹೆಂಡತಿ ಬಂದವಳೇ ಹೌಹಾರಿದಳು. "ಅಯ್ಯೋ, ಉಕ್ಕಿ ಬರ್ತಿದೆ! ತೆಗೀರಿ, ಹುಳಿ ಬಂದ್ಬಿಡುತ್ತೆ."

ಮೇಸ್ತ್ರಿ ತುಟಿಗೆ ಬೆರಳಿಟ್ಟ. ಕಲಸಿಟ್ಟ ಗಾರೆ ಬಿಟ್ಟು ಟೀ ಕುಡಿಯಲು ಹೋದ ಆಳುಗಳ ಜನ್ಮ ಜಾಲಾಡಿದ ಮನುಷ್ಯ. ನಲವತ್ತು ವರ್ಷದಲ್ಲಿ ಒಂದು ಬುಟ್ಟಿ ಮಾಲು ಹಾಳಾಗಲು ಬಿಟ್ಟವನಲ್ಲ.

"ಹಾಳಾಗ್ಲಿ ಬಿಡೇ," ಎಂದ.

ಹೊಸ್ತಿಲ ಮೇಲೆ ಕುಳಿತ. ಮಗಳು ಮಗ್ಗುಲಾದಾಗಲೆಲ್ಲ, ಇಗೋ ಈಗ ಚೀರುತ್ತಾಳೆ ಎಂದು ಅವನು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿದ್ದ. ಹಿಟ್ಟು ಪಾತ್ರೆಯ ಅಂಚು ದಾಟಿ ಅವಳ ಮಣಿಕಟ್ಟಿನ ಮೇಲೆ ಹರಿಯಿತು, ಅಲ್ಲಿಂದ ರಜಾಯಿಗಿಳಿಯಿತು. ಅವನು ಕದಲಲಿಲ್ಲ.

ಬೀದಿ ದೀಪ ಹತ್ತುವ ಹೊತ್ತಿಗೆ ಅವಳು ತಾನಾಗಿಯೇ ಕಣ್ಣುಬಿಟ್ಟಳು. ಮೆತ್ತಿದ ಕೈಯನ್ನು ಎತ್ತಿ ನೋಡಿದಳು. "ಕೂಗೋದೇ ಮರೆತೆನಲ್ಲಪ್ಪಾ. ಎಲ್ಲ ಹಾಳಾಯ್ತಾ?"

"ಹಾಳಾಗೋಕೆ ಅದೇನು ಸಿಮೆಂಟಾ?"

ಪಾತ್ರೆಯಲ್ಲಿ ಉಳಿದಿದ್ದ ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಬೆರಳಿನಿಂದ ತಟ್ಟಿ, ಸಾಸ್ ಬಳಿದು, ಚೀಸ್ ಉದುರಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟ. ತಳ ಒಂದು ಕಡೆ ಸೀದಿತ್ತು, ಹುಳಿಯಂತೂ ಕೇಳುವುದೇ ಬೇಡ. ಮಗಳು ಊದಿ ಊದಿ ಮೂರು ತುಂಡು ತಿಂದಳು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಬಸ್ಸು ಬರಲೇ ಇಲ್ಲ ಕಣಪ್ಪಾ."

ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ತಿನ್ನು, ಆರಿಹೋಗುತ್ತೆ," ಎಂದ ಮೇಸ್ತ್ರಿ.