ನಾಲ್ಕನೇ ಬೆಡ್ಡಿನ ಕೋಳಿ

ಗ್ರೆಗರಿ ಕೋಳಿಯ ತಲೆ ಹಿಡಿದು ಕೊಕ್ಕನ್ನು ನೀರಿನ ತಟ್ಟೆಗೆ ಅದ್ದಿದ. ಕೋಳಿ ತಲೆ ಕೊಡವಿತು. ನೀರೆಲ್ಲ ಅವನ ಕರಿ ಕೋಟಿಗೆ ಸಿಡಿಯಿತು. ಒಂದು ಹನಿಯೂ ಅದರ ಗಂಟಲಿಗೆ ಇಳಿಯಲಿಲ್ಲ.

"ಪಪ್ಪಾ, ಕೋಟು ಹಾಕಿಕೊಂಡು ಎಂತ ಮಾಡ್ತಿದ್ದೀರಿ?" ಮಗಳು ಡ್ಯಾಫ್ನಿ ಬಾಗಿಲಲ್ಲಿ ನಿಂತಿದ್ದಳು. "ಮಮ್ಮಿಯನ್ನು ಈಗ ತರ್ತಾರೆ. ಆಂಬುಲೆನ್ಸ್ ಆಸ್ಪತ್ರೆಯಿಂದ ಹೊರಟಿದೆ."

"ಇವು ನೀರು ಕುಡಿಯುದಿಲ್ಲ."

"ಇವತ್ತು ಕೋಳಿಗಳ ದಿವಸವಾ?"

ಹೆಂಡತಿ ಬರ್ನಡೆಟ್ ತೀರಿಕೊಂಡದ್ದು ಮೊನ್ನೆ ಮಧ್ಯಾಹ್ನ, ಗಂಜಿಯ ಬಟ್ಟಲಿನ ಎದುರು ಕುಳಿತಲ್ಲೇ. ಅವಳ ತಂಗಿ ದೋಹಾದಿಂದ ಬಂದು ಮುಟ್ಟಲೆಂದು ದೇಹವನ್ನು ಎರಡು ದಿನ ಶವಾಗಾರದಲ್ಲಿ ಇಟ್ಟಿದ್ದರು. ಈ ನಾಲ್ಕು ಕೋಳಿಗಳನ್ನು ಅವಳು ತಂದದ್ದೂ ಮೊನ್ನೆಯೇ, ಬೆಳಿಗ್ಗೆ. ಗಡಿಬಿಡಿಯಲ್ಲಿ ಅವುಗಳ ನೆನಪು ಯಾರಿಗೂ ಇರಲಿಲ್ಲ. ನಿನ್ನೆ ಪಕ್ಕದ ಮನೆಯ ಹೇಮಾಕ್ಷಿ ಅಕ್ಕಿ ಚೆಲ್ಲಿ, ನೀರಿಟ್ಟು ಹೋಗಿದ್ದಳು. ಇವತ್ತು ನೋಡಿದರೆ ತಟ್ಟೆ ತುಂಬಿದ ಹಾಗೆಯೇ ಇತ್ತು. ಕುತ್ತಿಗೆಯಲ್ಲೂ ಬೆನ್ನಲ್ಲೂ ಗರಿಯಿಲ್ಲದ ನಾಲ್ಕು ಜೀವಗಳು ಹಳೇ ಬಚ್ಚಲಿನ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಬಾಯಿ ತೆರೆದು ಏದುತ್ತಿದ್ದವು.

ಅಂಗಳದಲ್ಲಿ ನವಾಝ್ ಬುಟ್ಟಿ ಹಿಡಿದು ನಿಂತಿದ್ದ. ಜೆಪ್ಪುವಿನಲ್ಲಿ ಕೋಳಿ ಅಂಗಡಿ ಅವನದು. ಬರ್ನಡೆಟ್‌ಗೆ ಕೋಳಿಗಳನ್ನು ಕೊಡುತ್ತಿದ್ದವನೂ ಅವನೇ.

"ಅಂಕಲ್, ಬೇಜಾರು ಮಾಡ್ಬೇಡಿ. ಜೀವ ಇರುವಾಗಲೇ ಕೊಂಡೋಗ್ತೇನೆ. ಸತ್ತ ಮೇಲೆ ನನಗೂ ಆಗುದಿಲ್ಲ, ನಿಮಗೂ ಆಗುದಿಲ್ಲ. ಹೀಗೆ ಬಾಯಾರಿ ಸಾಯುದು ಬೇಡ."

"ಬಾಯಮ್ಮ ಹೇಗೆ ಕುಡಿಸ್ತಿದ್ರು, ಪೊರ್ಬುಗಳೇ?" ಬಾಗಿಲ ಬಳಿಯಿದ್ದ ಹೇಮಾಕ್ಷಿ ಕೇಳಿದಳು; ಅವಳಿಗೆ ಬರ್ನಡೆಟ್ ಬಾಯಮ್ಮ, ಗ್ರೆಗರಿ ಪೊರ್ಬು. "ನೀವು ಹನ್ನೊಂದು ವರ್ಷ ಎದುರಿನಲ್ಲೇ ಕೂತಿದ್ದವರಲ್ಲ. ಪೇಪರಿನಿಂದ ತಲೆ ಎತ್ತಲೇ ಇಲ್ಲವಾ?"

ಮಾತು ತಮಾಷೆಯ ಹಾಗೆ ಬಂದರೂ ನಾಟಬೇಕಾದಲ್ಲಿ ನಾಟಿತು.

* * *

ಹನ್ನೊಂದು ವರ್ಷದ ಹಿಂದೆ, ನರ್ಸ್ ಕೆಲಸದಿಂದ ನಿವೃತ್ತಳಾದ ಮೂರನೇ ವಾರ, ಬರ್ನಡೆಟ್ ಮಾಂಸಕ್ಕೆಂದು ಹೋದವಳು ಸೀರೆಯ ಸೆರಗಿನಲ್ಲಿ ಕೋಳಿ ಸುತ್ತಿಕೊಂಡು ಬಂದಿದ್ದಳು. ನವಾಝನ ತಾಯಿ ಬೀಫಾತಿಮ್ಮನನ್ನು ವಾರ್ಡಿನಲ್ಲಿ ಎರಡು ತಿಂಗಳು ನೋಡಿಕೊಂಡವಳು ಅವಳು. ಹಾಗಾಗಿ ಅವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಸಿಸ್ಟರ್, ಇದು ಮೊಟ್ಟೆ ನಿಂತ ಫಾರ್ಮ್ ಕೋಳಿ. ಹುಟ್ಟಿದ ಮೇಲೆ ತಂತಿಯ ಗೂಡಿನಿಂದ ಹೊರಗೆ ಬಂದದ್ದಲ್ಲ. ನಡೆಯಲಿಕ್ಕೂ ಗೊತ್ತಿಲ್ಲ" ಎಂದಿದ್ದನಂತೆ.

"ನಡೆಯಲಿಕ್ಕೆ ಗೊತ್ತಿಲ್ಲದವರನ್ನೇ ನಾನು ಮೂವತ್ತು ವರ್ಷ ನಡೆಸಿದ್ದು" ಎಂದು ಹೇಳಿ ಬಂದಿದ್ದಳು ಇವಳು.

ಅಂದಿನಿಂದ ಫಾರ್ಮಿನ ಲೋಡು ಬಂದಾಗಲೆಲ್ಲ ತೀರ ಸೋತ ಮೂರೋ ನಾಲ್ಕೋ ಈ ಮನೆಗೆ ಬರತೊಡಗಿದವು. ಹೊರಗಿನ ಹಳೇ ಬಚ್ಚಲಿಗೆ ಐಸಿಯು ಎಂದು ಹೆಸರಾಯಿತು. ಕೋಳಿಗಳಿಗೆ ಹೆಸರಿಲ್ಲ, ಬೆಡ್ ನಂಬರು. "ಬಾಯಮ್ಮ, ನಿಮ್ಮ ಎರಡನೇ ಬೆಡ್ಡು ನನ್ನ ಬಸಳೆಯ ಬುಡ ತೆಗೆದಿದೆ" ಎಂದು ಹೇಮಾಕ್ಷಿ ಕೂಗಿದರೆ, "ಬುಡ ತೆಗೆಯುವಷ್ಟು ಹುಷಾರಾಯಿತಾ? ಹಾಗಾದರೆ ಡಿಸ್ಚಾರ್ಜ್" ಎಂದು ಇಲ್ಲಿಂದ ಉತ್ತರ. ಕೆಲವು ಎರಡು ವರ್ಷ ಬದುಕಿದವು, ಕೆಲವು ಮೂರು. ಕೊನೆಯದು ಹೋದ ತಿಂಗಳು ಸತ್ತಿತ್ತು.

ಗ್ರೆಗರಿ ಅವನ್ನು ಪೆನ್ಶನ್ ಕೋಳಿಗಳೆಂದು ಹಾಸ್ಯ ಮಾಡುತ್ತಿದ್ದ. ಹೊಸತು ಬಂದ ದಿನ ಅವಳು ಬಚ್ಚಲಿನಲ್ಲಿ ಒಂದು ಕೈ ಮೇಲೆತ್ತಿ ಗಂಟೆಗಟ್ಟಲೆ ನಿಲ್ಲುವುದನ್ನು ಅವನು ಕಿಟಕಿಯಿಂದ ಕಂಡದ್ದುಂಟು.

"ಎಂತ, ಬಿಷಪರ ಹಾಗೆ ಆಶೀರ್ವಾದವಾ?"

"ಹೌದು. ನೀವೂ ಬನ್ನಿ, ನಿಮಗೂ ಬೇಕು."

ಅವನು ನಕ್ಕು ಪುಟ ತಿರುಗಿಸಿದ್ದ. ಕೈ ಯಾಕೆ ಮೇಲೆ ಎಂದು ಕೇಳಿರಲಿಲ್ಲ.

* * *

ಗ್ರೆಗರಿ ಕೋಟು ಕಳಚಿ ಡ್ಯಾಫ್ನಿಯ ಕೈಗೆ ಕೊಟ್ಟ. ಬೆರಳುಗಳನ್ನು ತಟ್ಟೆಯಲ್ಲಿ ಅದ್ದಿ, ಬರ್ನಡೆಟ್ ಎತ್ತುತ್ತಿದ್ದಷ್ಟೇ ಎತ್ತರಕ್ಕೆ ಕೈ ಎತ್ತಿದ. ನಡುಬೆರಳ ತುದಿಯಲ್ಲಿ ಒಂದು ಹನಿ ಕೂಡಿ, ದಪ್ಪವಾಗಿ, ಜೋತಿತು.

ಮೊದಲನೇ ಕೋಳಿ ಕತ್ತು ಓರೆ ಮಾಡಿ ಮೇಲೆ ನೋಡಿತು. ನೋಡಿದ್ದೇ ಕತ್ತನ್ನು ಪೂರಾ ಚಾಚಿ ಬೆರಳನ್ನು ಕುಟ್ಟಿತು. ಹನಿ ಒಳಗೆ ಹೋಯಿತು. ಗಂಟಲು ಅಲುಗಿದ್ದನ್ನು ನಾಲ್ವರೂ ಕಂಡರು.

ನವಾಝ್ ಬುಟ್ಟಿ ಕೆಳಗಿಟ್ಟ. "ಅಂಕಲ್, ಫಾರ್ಮಿನಲ್ಲಿ ತಲೆಯ ಮೇಲೆ ಪೈಪು ಉಂಟು. ಕುಟ್ಟಿದರೆ ಹನಿ. ತಟ್ಟೆ ಇವು ಕಂಡೇ ಇಲ್ಲ. ನಾನು ಅಲ್ಲಿಗೆ ಹೋಗುವವ, ನನಗೇ ಹೊಳೆಯಲಿಲ್ಲ ನೋಡಿ."

ಗ್ರೆಗರಿ ಮತ್ತೆ ಅದ್ದಿದ, ಮತ್ತೆ ಎತ್ತಿದ. ಪ್ರತಿ ಸಲ ಕೈಯನ್ನು ಒಂದು ಗೇಣು ಇಳಿಸಿದ. ಬೆರಳು ತಟ್ಟೆಯ ನೀರಿಗೆ ತಾಗುವಾಗ ಕೊಕ್ಕೂ ತಾಗಿತು. ಕೋಳಿ ಒಂದು ಗಳಿಗೆ ತಡೆದು ನಿಂತಿತು, ಇಷ್ಟು ಹನಿಗಳು ಒಟ್ಟಿಗೆ ಇರುವುದು ಸಾಧ್ಯವೇ ಎನ್ನುವ ಹಾಗೆ. ಮತ್ತೆ ಬಗ್ಗಿ ಕುಡಿಯಿತು. ಎರಡನೆಯದೂ ಕಲಿಯಿತು, ಮೂರನೆಯದೂ. ತನ್ನ ಮುದಿ ಬೆರಳಿಗೆ ಬೀಳುವ ಆ ಪುಟ್ಟ ಪೆಟ್ಟುಗಳಿಗೆ ಗ್ರೆಗರಿಯ ಮೈ ಜುಮ್ಮೆಂದಿತು. ಇದನ್ನೆಲ್ಲ ಅವಳು ಯಾರಿಗೂ ಹೇಳದೆ ಹನ್ನೊಂದು ವರ್ಷ ಮಾಡಿದ್ದಳು.

ನಾಲ್ಕನೆಯದು ಮಾತ್ರ ತಲೆ ಎತ್ತಲಿಲ್ಲ. ಹನಿ ನೆತ್ತಿಗೆ ಬಿದ್ದರೂ ಕಣ್ಣು ತೆರೆಯಲಿಲ್ಲ.

ಹೊರಗೆ ಆಂಬುಲೆನ್ಸ್ ಬಂದು ನಿಂತಿತು. "ಪಪ್ಪಾ" ಎಂದಳು ಡ್ಯಾಫ್ನಿ. ಅವಳ ಸ್ವರ ಈಗ ಬೇರೆಯಾಗಿತ್ತು.

"ನೀವು ನಡೀರಿ ಅಂಕಲ್" ಎಂದ ನವಾಝ್. "ನಾಲ್ಕನೆಯದನ್ನು ಸಂಜೆಯವರೆಗೆ ನೋಡುವ. ಅಷ್ಟರಲ್ಲಿ ಏಳದಿದ್ದರೆ ನನಗೆ ಕೊಡಿ."

ಗ್ರೆಗರಿ ಒದ್ದೆ ಕೈಯಲ್ಲೇ ಕೋಟಿನೊಳಗೆ ತೋಳು ತೂರಿಸಿದ. ಆ ಅವಸರದಲ್ಲಿ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಲಿಲ್ಲ.

* * *

ಮಣ್ಣು ಕೊಟ್ಟು ಮನೆಗೆ ಬರುವಾಗ ಐದೂವರೆ. ಬಂದವರು ಅಂಗಳದ ನಲ್ಲಿಯ ಹತ್ತಿರ ಕೈ ತೊಳೆಯಲು ನಿಂತರು. ಒಳಗೆ ಚಹಾ ಕಾಯುತ್ತಿತ್ತು.

ಎಲ್ಲರಿಗಿಂತ ಮುಂದೆ ಇದ್ದ ಡ್ಯಾಫ್ನಿ ನಿಂತುಬಿಟ್ಟಳು.

"ಪಪ್ಪಾ. ಅದೂ ಹೋಯಿತು."

ತೆರೆದ ಬಾಗಿಲಿನಿಂದ ಎರಡು ಮಾರು ದೂರ, ಅಬ್ಬಲಿಗೆಯ ಬುಡದಲ್ಲಿ, ಬಿಸಿಲಿಗೆ ಕಾದ ಮಣ್ಣಿನ ಮೇಲೆ ನಾಲ್ಕನೇ ಕೋಳಿ ಮಗ್ಗುಲಾಗಿ ಬಿದ್ದಿತ್ತು. ಒಂದು ರೆಕ್ಕೆ ಬಿಚ್ಚಿಕೊಂಡಿತ್ತು, ಕಾಲೊಂದು ನೆಟ್ಟಗೆ ಚಾಚಿತ್ತು. ಉಳಿದ ಮೂರು ಹೊಸ್ತಿಲಿನ ಒಳಗೇ ನಿಂತು ಅದನ್ನು ನೋಡುತ್ತಿದ್ದವು.

"ನಾನು ತೆಗೀತೇನೆ, ನೀವು ನೋಡ್ಬೇಡಿ" ಎಂದು ನವಾಝ್ ಬುಟ್ಟಿಯೊಂದಿಗೆ ಮುಂದೆ ಹೋದ. ಬಗ್ಗಿದವನು ಕೈ ಚಾಚಿ ಹಾಗೆಯೇ ತಡೆದ.

ಕೋಳಿಯ ಕೊಕ್ಕು ತಟ್ಟೆಯ ನೀರಿಗೆ ಇಳಿದು ಬಂದಿತ್ತು; ಅದರ ತುದಿಗೆ ಒದ್ದೆ ಮಣ್ಣು ಮೆತ್ತಿಕೊಂಡಿತ್ತು.

ಚಾಚಿದ ಕಾಲು ಮಡಚಿತು. ಕೊಕ್ಕೆಯಂತೆ ಬೆಳೆದ ಉಗುರು ನೆಲವನ್ನು ಒಮ್ಮೆ ಕೆದಕಿತು. ರೆಕ್ಕೆ ಮಣ್ಣಿನಡಿಗೆ ಜಾರಿತು, ಮೆಲ್ಲಗೆ ಒಂದು ಹಿಡಿಯಷ್ಟು ಎತ್ತಿ ಬೋಳು ಬೆನ್ನ ಮೇಲೆ ಚೆಲ್ಲಿಕೊಂಡಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಎತ್ತಿತು, ಚೆಲ್ಲಿತು.

"ತಂತಿ ಬಿಟ್ಟು ಬೇರೆ ಮೆಟ್ಟಿದ್ದೇ ಇಲ್ಲ ಇದು" ಎಂದ ನವಾಝ್. ಸ್ವರ ತಗ್ಗಿತ್ತು. "ಊರ ಕೋಳಿಗಳ ಹಾಗೆ ಮಣ್ಣು ಮೀಯಲಿಕ್ಕೆ ಯಾರು ಹೇಳಿಕೊಟ್ಟದ್ದು?"

ಹೇಮಾಕ್ಷಿ ನಲ್ಲಿ ನಿಲ್ಲಿಸಿದಳು. ಗ್ರೆಗರಿ ಕರಿ ಕೋಟಿನಲ್ಲೇ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಹೊಸ್ತಿಲಿನಲ್ಲಿದ್ದ ಮೂರರಲ್ಲಿ ಒಂದು ಕಾಲೆತ್ತಿತು, ಕೆಳಗಿನ ಬಿಸಿಮಣ್ಣಿಗೆ ತಾಗಿಸಿತು, ತಟ್ಟನೆ ಹಿಂದೆ ಎಳೆದುಕೊಂಡಿತು, ಮತ್ತೆ ತಾಗಿಸಿತು.